ಗೇಟಿನ ಪುಸ್ತಕ ಯಾರಿಗೆ?

ಕೇಳುಗರಿಗೆಲ್ಲ ನಮಸ್ಕಾರ.

ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡು ಕೂತ ಅಕ್ಕಂದಿರೇ, ತೋಟದಿಂದ ಈಗಷ್ಟೇ ಬಂದು ಕೈಕಾಲು ತೊಳೆದ ಅಣ್ಣಂದಿರೇ, ಇವತ್ತು ನಾನು ಮಾತಾಡುವುದು ನಿಮ್ಮ ಹತ್ತಿರ. ಅದರಲ್ಲೂ ಈ ವರ್ಷ ಮಗನನ್ನೋ ಮಗಳನ್ನೋ ಹಾಸ್ಟೆಲ್ಲಿಗೆ ಬಿಟ್ಟು ಬಂದು, ರಾತ್ರಿ ಊಟಕ್ಕೆ ಮರೆತು ಒಂದು ತಟ್ಟೆ ಜಾಸ್ತಿ ಇಟ್ಟು, ಆಮೇಲೆ ಎತ್ತಿಡುವ ತಂದೆ ತಾಯಿಗಳ ಹತ್ತಿರ.

ನಾನು 30 ವರ್ಷ ಕಾನೂನು ಪಾಠ ಮಾಡಿದವಳು. ಅದರಲ್ಲಿ 9 ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದೆ. ವಿದ್ಯಾರ್ಥಿಗಳ ಸ್ವಾತಂತ್ರ್ಯ, ಕ್ಯಾಂಪಸ್ಸಿಗೆ ಬರುವ ಹೊರಗಿನವರಿಗೆ ಇರುವ ನಿಯಮ, ಇದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ವಿಷಯ ದೊಡ್ಡದು, ಸಮಯ ಕಡಿಮೆ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಅದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೇಟಿನಲ್ಲಿ ಇಟ್ಟಿರುವ ಪುಸ್ತಕ ಹೊರಗಿನವರಿಗೆ. ಒಳಗಿರುವ ವಿದ್ಯಾರ್ಥಿಗೆ ಅಲ್ಲ.

ನಮ್ಮ ಮನೆಗಳನ್ನೇ ನೋಡಿ. ದಣಪೆ ದಾಟಿ ಯಾರಾದರೂ ಬಂದರೆ, ಯಾರು, ಯಾವ ಊರು, ಯಾರನ್ನು ನೋಡಬೇಕಿತ್ತು ಅಂತ ಕೇಳುತ್ತೇವೆ. ಕೇಳಿ, ಕೂರಿಸಿ, ನೀರು ಬೆಲ್ಲ ಕೊಡುತ್ತೇವೆ. ಅದು ಅವಮಾನ ಅಲ್ಲ, ಮರ್ಯಾದೆ. ಆದರೆ ಅಡುಗೆಮನೆಯಿಂದ ಜಗುಲಿಗೆ ಬಂದ ಮಗಳನ್ನು ನಿಲ್ಲಿಸಿ, ನೀನು ಯಾರು, ಇಲ್ಲಿ ಯಾಕೆ ನಿಂತಿದ್ದೀಯ ಅಂತ ಕೇಳುತ್ತೇವಾ? ವಿಶ್ವವಿದ್ಯಾಲಯ ಆ ಮಕ್ಕಳ ಮನೆ. ಇಷ್ಟೇ ಲೆಕ್ಕ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿದೆ. ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು, ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಹಾಸ್ಟೆಲ್ ಫೀಸು ಕಟ್ಟಿದ ದಿನ ಆ ಹಕ್ಕನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ವೋಟು ಹಾಕುವ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಎಂ.ಎಸ್ಸಿ. ಓದುವ ಹುಡುಗಿ ಎಂದರೆ ಶಾಸಕರನ್ನು ಆರಿಸುವ ಹುಡುಗಿ. ಅವಳು ಕ್ಯಾಂಟೀನಿನಲ್ಲಿ ಯಾರ ಜೊತೆ ಚಹಾ ಕುಡಿಯಬೇಕು ಅನ್ನುವುದನ್ನು ಇನ್ನೊಬ್ಬರು ಆರಿಸುವುದು ಬೇಡ.

ಈಗ ಒಂದು ಘಟನೆ ಹೇಳುತ್ತೇನೆ. ಊರು, ಕಾಲೇಜು ಯಾವುದು ಅನ್ನುವುದು ಬೇಡ. ನಾನು ಅಲ್ಲಿ ವಾರ್ಡನ್ ಆಗಿದ್ದೆ, ಕಣ್ಣಾರೆ ಕಂಡಿದ್ದೇನೆ, ಅಷ್ಟು ಸಾಕು.

ಆರಿದ್ರಾ ಮಳೆ ಹಿಡಿದಿತ್ತು. ನಿಮಗೆ ಗೊತ್ತಲ್ಲ, ಕೊಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾನು ಹತ್ತು ಗಂಟೆ ಕ್ಲಾಸು, ಅದರ ಹಿಂದೆಯೇ ಇನ್ನೊಂದು ಕ್ಲಾಸು ಮುಗಿಸಿ, ಹನ್ನೆರಡು ದಾಟಿದ ಮೇಲೆ ಗೇಟಿನ ಕಡೆ ಬಂದೆ. ಕಾವಲುಗಾರನ ತಗಡಿನ ಮಾಡಿನ ಕೆಳಗೆ ಒಬ್ಬರು ನಿಂತಿದ್ದರು. ಹೊಸನಗರದ ಕಡೆಯವರು. ಪಂಚೆ ಮಂಡಿವರೆಗೆ ಒದ್ದೆ. ಕೈಯಲ್ಲಿ ಗೊಬ್ಬರದ ಚೀಲದಿಂದ ಹೊಲಿದ ಒಂದು ಬ್ಯಾಗು. ಅದನ್ನು ನೆಲಕ್ಕೆ ಇಡದೆ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಒಳಗೆ ಕಂಬಳಿ ಇತ್ತು, ಅದು ಒದ್ದೆಯಾಗಬಾರದು. ಜೊತೆಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಪೊಟ್ಟಣ ಕಷಾಯದ ಪುಡಿ. ಮಗಳಿಗೆ ಮೂರು ದಿನದಿಂದ ಜ್ವರ. ಬೆಳಗಿನ ಮೊದಲ ಬಸ್ಸು ಹತ್ತಿ ಬಂದಿದ್ದಾರೆ.

ಕಾವಲುಗಾರ ಅವರನ್ನು ಪುಸ್ತಕದಲ್ಲಿ ಬರೆಸಿಕೊಂಡಿದ್ದಾನೆ. ಸರಿ, ಅದು ಅವನ ಕೆಲಸ. ಆಮೇಲೆ, ವಾರ್ಡನ್ ಹತ್ತಿರ ಚೀಟಿ ತನ್ನಿ, ಒಳಗೆ ಬಿಡ್ತೀನಿ ಅಂದಿದ್ದಾನೆ. ವಾರ್ಡನ್ ಇರುವುದು ಒಳಗೆ! ಚೀಟಿ ತರುವುದು ಎಲ್ಲಿಂದ? ಒಂದೂವರೆ ಗಂಟೆ ನಿಂತಿದ್ದರು ಆ ಮನುಷ್ಯ. "ಮಗಳನ್ನ ನೋಡೋಕೂ ಚೀಟಿ ಬೇಕಾ ಅಮ್ಮ?" ಅಂತ ನನ್ನನ್ನು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಅವರು ಹಾಗೆ ನಿಂತಿದ್ದಾಗಲೇ ಒಂದು ಜೀಪು ಬಂದಿದೆ. ಐದು ಜನ ಗಂಡಸರು. ಯಾರೂ ವಿದ್ಯಾರ್ಥಿಗಳಲ್ಲ, ಯಾರ ಪೋಷಕರೂ ಅಲ್ಲ. ಯಾರದೋ ದೊಡ್ಡವರ ಹೆಸರು ಹೇಳಿದ್ದಾರೆ. ಕಾವಲುಗಾರ ಅಡ್ಡಗಂಬ ಎತ್ತಿ ಸೆಲ್ಯೂಟ್ ಹೊಡೆದಿದ್ದಾನೆ. ಜೀಪು ನೇರ ಕ್ಯಾಂಟೀನಿಗೆ ಹೋಗಿದೆ. ಅಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದೇ ಬೆಂಚಿನಲ್ಲಿ ಕೂತು ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದರು. ಇವರು ಸುತ್ತ ನಿಂತು ಹೆಸರು ಕೇಳಿದ್ದಾರೆ. ಹೆಸರು ಕೇಳಿದ ಮೇಲೆ ಜಾತಿ ಯಾವುದು ಅಂತ ಕೇಳಿದ್ದಾರೆ. ಫೋಟೋ ಹೊಡೆದಿದ್ದಾರೆ. ಹುಡುಗಿಯ ಹತ್ತಿರ ಮನೆಯ ನಂಬರು ಬಲವಂತವಾಗಿ ತೆಗೆದುಕೊಂಡು, ಅವಳ ಅಮ್ಮನಿಗೆ ಫೋನು ಮಾಡಿ, "ನಿಮ್ಮ ಮಗಳು ಇಲ್ಲಿ ಎಂಥ ಮಾಡ್ತಿದ್ದಾಳೆ ಗೊತ್ತಾ?" ಅಂದಿದ್ದಾರೆ.

ಅವಳು ಮಾಡುತ್ತಿದ್ದದ್ದು ಲ್ಯಾಬ್ ರೆಕಾರ್ಡ್.

ಮುಂದಿನ ವಾರ ಕಾಲೇಜಿನವರು ಸಭೆ ಕರೆದರು. ತೀರ್ಮಾನ ಏನು ಗೊತ್ತೇ? ಸಂಜೆ ಐದರ ಮೇಲೆ ಕ್ಯಾಂಟೀನಿನಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕೂರುವಂತಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ ಬಾಗಿಲು ಏಳೂವರೆಗೆ ಹಾಕುತ್ತಿದ್ದದ್ದು ಇನ್ನು ಆರು ಗಂಟೆಗೆ. ಲೈಬ್ರರಿಗೆ ಹೋದರೂ ಹುಡುಗಿಯರು ಪುಸ್ತಕದಲ್ಲಿ ಬರೆದು ಹೋಗಬೇಕು. ಜೀಪಿನವರ ಬಗ್ಗೆ? ಒಂದು ಸಾಲೂ ಇಲ್ಲ.

ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಎದ್ದು ಹೋಗಿ ಗೇಟಿನ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿಟ್ಟೆ. ಆ ದಿನದ ಹಾಳೆ ನನಗೆ ಬಾಯಿಪಾಠ. ಮೊದಲ ಸಾಲಿನಲ್ಲಿ ಕೊರಿಯರ್ ಹುಡುಗ. ಎರಡನೆಯದು ಆ ತಂದೆ. ಹೆಸರು, ಊರು, ಫೋನ್ ನಂಬರು, ಬಂದ ಸಮಯ 10.40. ಬಂದ ಕಾರಣ ಎಂಬಲ್ಲಿ ದುಂಡು ಅಕ್ಷರದಲ್ಲಿ, "ಮಗಳಿಗೆ ಜ್ವರ. ಕಂಬಳಿ." ಕಂಬಳಿಯ "ಳಿ" ಮೇಲೆ ಮಳೆಹನಿ ಬಿದ್ದು ಶಾಯಿ ಹರಡಿತ್ತು. ಮೂರನೆಯ ಸಾಲು ಹಾಲಿನ ವ್ಯಾನು. ಜೀಪು ಎಲ್ಲೂ ಇಲ್ಲ. "ಸರ್, ನಿಯಮ ಮುರಿದವರ ಹೆಸರು ಈ ಪುಸ್ತಕದಲ್ಲಿ ಇಲ್ಲ. ನೀವು ಹೊಸ ಪುಸ್ತಕ ತಂದು ನಮ್ಮ ಹುಡುಗಿಯರ ಹೆಸರು ಬರೆಸುತ್ತಿದ್ದೀರಿ" ಅಂದೆ. ಎಂಟು ತಿಂಗಳು ಬೇಕಾಯಿತು, ಆ ಆರು ಗಂಟೆಯ ಬೀಗ ತೆಗೆಸಲು. ನಂಬರು ಬರೆಯದೆ ಯಾವ ಗಾಡಿಗೂ ಗೇಟು ಎತ್ತಬಾರದು ಎಂಬ ನಿಯಮ ಬಂದದ್ದೂ ಆಗಲೇ.

ಕ್ಯಾಂಟೀನಿನಲ್ಲಿ ಕೂತಿದ್ದ ಆ ಹುಡುಗಿ ಹದಿನೈದು ದಿನ ಕ್ಲಾಸಿಗೆ ಬರಲಿಲ್ಲ. ಓದಿದ್ದು ಸಾಕು ಅಂತ ಮನೆಯಲ್ಲಿ ಮಾತು ಬಂದಿತ್ತು. ಅವಳ ಅಮ್ಮನಿಗೆ ನಾನೇ ಫೋನು ಮಾಡಿದೆ. ಅಕ್ಕಾ, ತಪ್ಪು ನಿಮ್ಮ ಮಗಳದ್ದಲ್ಲ, ನಮ್ಮ ಗೇಟಿನದ್ದು ಅಂದೆ. ತುಂಬ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಸೋಮವಾರ ಕಳಿಸ್ತೀನಿ ಮೇಡಂ" ಅಂದರು.

ಸಮಯ ನೋಡಿದರೆ ಜಾಸ್ತಿ ಉಳಿದಿಲ್ಲ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಹೆಣ್ಣುಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಅವರ ಓಡಾಟಕ್ಕೆ ತಡೆ ಹಾಕಬಾರದು ಅಂತ ಯು.ಜಿ.ಸಿ., ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ "ಸಕ್ಷಮ್" ವರದಿ 2013ರಲ್ಲೇ ಹೇಳಿದೆ. ಕೇರಳದ ಒಂದು ಹಾಸ್ಟೆಲ್ಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಮುಟ್ಟಬಾರದು ಎಂಬ ನಿಯಮ ಇತ್ತು. ಒಪ್ಪದ ಹುಡುಗಿಯನ್ನು ಹೊರಗೆ ಹಾಕಿದರು. ಅವಳು ಕೋರ್ಟಿಗೆ ಹೋದಳು. 2019ರಲ್ಲಿ ಕೇರಳ ಹೈಕೋರ್ಟು ಅವಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ವಿದ್ಯಾರ್ಥಿ ಚುನಾವಣೆಯ ವಿಷಯಕ್ಕೆ ಬಂದರೆ, ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರಲ್ಲಿ ಜಾರಿಗೆ ತಂದಿತು. ಅದರ ಪ್ರಕಾರ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಯಾರೂ ಆ ಚುನಾವಣೆಯಲ್ಲಿ ಕೈ ಹಾಕುವಂತಿಲ್ಲ. ನೋಡಿ, ಅಲ್ಲೂ ಅದೇ ಮಾತು. ತಡೆ ಇರುವುದು ಹೊರಗಿನವರಿಗೆ.

ಹಾಗಂತ ಹೊರಗಿನವರು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಜ್ಞಾನಸಹ್ಯಾದ್ರಿ ನೋಡಿ, 230 ಎಕರೆ, ಕಾಡಿನ ಮಗ್ಗುಲಲ್ಲೇ ಇದೆ. ಇಂಥ ಜಾಗಕ್ಕೆ ನಾಲ್ಕಾಳೆತ್ತರದ ಗೋಡೆ ಕಟ್ಟಿ ಯಾರಿಗೆ ಲಾಭ? ರೈತರು ಬರಲಿ. ಕವಿಗಳು ಬರಲಿ. ವಿದ್ಯಾರ್ಥಿಗಳು ತಮಗೆ ಇಷ್ಟವಾದವರನ್ನು ಕರೆಸಿ ಭಾಷಣ ಮಾಡಿಸಲಿ, ಒಪ್ಪದವರು ಎದ್ದು ಪ್ರಶ್ನೆ ಕೇಳಲಿ. ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದ ಶಿವಮೊಗ್ಗ ಜಿಲ್ಲೆ ಇದು, ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. ಬರುವವರು ಹೆಸರು ಬರೆಯಲಿ, ಯಾರನ್ನು ನೋಡಬೇಕು ಹೇಳಲಿ, ಹೋಗುವಾಗ ಸಮಯ ಹಾಕಲಿ. ಕಂಬಳಿ ತಂದ ಅಪ್ಪನಿಗೂ ಅದೇ ನಿಯಮ, ಜೀಪಿನಲ್ಲಿ ಬಂದವರಿಗೂ ಅದೇ ನಿಯಮ.

ಮಗಳನ್ನು ಸೇರಿಸಲು ಹೋದಾಗ ಕಟ್ಟಡ ನೋಡಿ, ಮೆಸ್ಸಿನ ಸಾರು ರುಚಿ ನೋಡಿ, ಬೇಡ ಅನ್ನುವುದಿಲ್ಲ. ಹಾಗೆಯೇ ಗೇಟಿನಲ್ಲಿ ಎರಡು ನಿಮಿಷ ನಿಂತು ಆ ಪುಸ್ತಕ ನೋಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ, ಬೋರ್ಡ್ ಎಲ್ಲಿದೆ ಅಂತ ಕೇಳಿ. ಕಾಟ ಕೊಟ್ಟವನು ಹೊರಗಿನವನಾದರೂ ಹುಡುಗಿಗೆ ನೆರವಾಗುವುದು ಸಂಸ್ಥೆಯ ಕರ್ತವ್ಯ, 2015ರ ಯು.ಜಿ.ಸಿ. ನಿಯಮದಲ್ಲೇ ಇದೆ. ರ‍್ಯಾಗಿಂಗ್ ವಿಷಯಕ್ಕೆ ದಿನದ 24 ಗಂಟೆಯೂ ಇರುವ ನಂಬರು ಇದೆ. ಪೆನ್ನು ತೆಗೆದುಕೊಳ್ಳಿ. 1800 180 5522. ಇನ್ನೊಮ್ಮೆ, 1800 180 5522. ಕ್ಯಾಲೆಂಡರಿನ ಹಿಂದೆ ಬರೆದಿಡಿ.

ಕೊನೆಗೆ ಅಮ್ಮಂದಿರಿಗೆ ಒಂದು ಕೋರಿಕೆ. ಯಾವತ್ತಾದರೂ ಗುರುತಿಲ್ಲದ ಗಂಡಸಿನ ಫೋನು ಬಂದು, ನಿಮ್ಮ ಮಗಳು ಇಲ್ಲಿ ಎಂಥ ಮಾಡ್ತಿದ್ದಾಳೆ ಗೊತ್ತಾ ಅಂದರೆ ಹೆದರಬೇಡಿ, ಮಗಳ ಮೇಲೆ ಸಿಟ್ಟೂ ಮಾಡಬೇಡಿ. ನೀವು ಯಾರು, ಒಳಗೆ ಹೇಗೆ ಬಂದಿರಿ, ಗೇಟಿನ ಪುಸ್ತಕದಲ್ಲಿ ಹೆಸರು ಬರೆದಿದ್ದೀರಾ ಅಂತ ಅವನನ್ನೇ ಕೇಳಿ. ಫೋನ್ ಇಟ್ಟು ಮೊದಲು ವಾರ್ಡನ್ನಿಗೆ ಫೋನು ಮಾಡಿ. ಆಮೇಲೆ ಮಗಳಿಗೆ ಮಾಡಿ, ಊಟ ಆಯ್ತಾ ಅಂತ ಕೇಳಿ.

ನಮಸ್ಕಾರ.