ಗಿಣಿಯ ಮೈಮಾತು

ಮಾನ್ಯರೆ,

ಗಿಣಿ ನಮ್ಮ ನುಡಿಯೊಳಗೆ ಬಹಳ ಹಿಂದೆಯೇ ಬಂದು ಕೂತಿರುವ ಹಕ್ಕಿ. ಮುದ್ದಾಗಿ ಮಾತಾಡುವ ಮಗುವನ್ನು ಅರಗಿಣಿ ಎನ್ನುತ್ತೇವೆ. ಅರ್ಥ ತಿಳಿಯದೆ ಒಪ್ಪಿಸುವುದನ್ನು ಗಿಳಿಪಾಠ ಎನ್ನುತ್ತೇವೆ. ಗಮನಿಸಿದರೆ, ಈ ಎರಡು ಮಾತುಗಳೂ ಹಿಡಿದಿರುವುದು ಗಿಣಿಯ ಬಾಯನ್ನು ಮಾತ್ರ. ಅದು ಮನುಷ್ಯರಂತೆ ನುಡಿಯುತ್ತದೆ ಎಂಬ ಒಂದೇ ಸಂಗತಿಗೆ ನಾವು ಎಷ್ಟು ಮರುಳಾಗಿದ್ದೇವೆಂದರೆ, ಗಿಣಿಯನ್ನು ಕೇಳುವುದನ್ನು ಕಲಿತು ನೋಡುವುದನ್ನು ಮರೆತಿದ್ದೇವೆ. ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಗಿಣಿಗಳನ್ನು ಸಾಕುತ್ತ, ಬೇರೆಯವರ ಮನೆಯ ಹಕ್ಕಿಗಳ ದೂರುಗಳನ್ನೂ ಕೇಳುತ್ತ ಬಂದಿರುವ ನನಗೆ ಮನದಟ್ಟಾಗಿರುವುದು ಇದು: ಕಚ್ಚುತ್ತದೆ, ಕಿರುಚುತ್ತದೆ, ಗರಿ ಕಿತ್ತುಕೊಳ್ಳುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವುಗಳ ಹಿಂದೆ, ಹಕ್ಕಿ ತನ್ನ ಮೈಯಿಂದ ಮೊದಲೇ ಹೇಳಿ ನಾವು ಓದದೆ ಬಿಟ್ಟ ಯಾವುದೋ ಮಾತು ಇರುತ್ತದೆ.

ಮುಂದುವರಿಯುವ ಮೊದಲು ಯಾವ ಗಿಣಿಯ ವಿಷಯ ಮಾತಾಡುತ್ತಿದ್ದೇನೆ ಎಂಬುದನ್ನು ಸ್ಪಷ್ಟಪಡಿಸಬೇಕು. ನಮ್ಮ ತೋಟ, ಹೊಲ, ಆಲದಮರಗಳಲ್ಲಿ ಹಾರುವ ಕೆಂಪು ಕೊಕ್ಕಿನ ಹಸಿರು ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಅಜ್ಜನ ಕಾಲದಲ್ಲಿ ಪ್ರತಿ ಹಟ್ಟಿಯಲ್ಲೂ ಒಂದು ಗಿಣಿ ಇತ್ತು ಎಂಬ ನೆನಪು ಇಂದಿಗೆ ಅನುಮತಿಯಾಗುವುದಿಲ್ಲ, ಆಗಲೂಬಾರದು. ನಮ್ಮ ಮನೆಗಳಲ್ಲಿ ಇಂದು ಕಾನೂನುಬದ್ಧವಾಗಿ ಇರುವವು ಹೊರದೇಶದ ಮೂಲದ, ಪಂಜರದಲ್ಲೇ ಮರಿಯಾದ ಹಕ್ಕಿಗಳು: ಬಡ್ಜಿ, ಕಾಕಟೀಲ್, ಲವ್‌ಬರ್ಡ್, ಕೊನ್ಯೂರ್, ಅಪರೂಪಕ್ಕೆ ಆಫ್ರಿಕದ ಬೂದು ಗಿಣಿ. ಇವುಗಳಲ್ಲಿ ಬೂದು ಗಿಣಿಯಂಥ, ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಹಕ್ಕಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಾನು ಹತ್ತಿರದಿಂದ ಬಲ್ಲದ್ದು ಕಾಕಟೀಲನ್ನು. ಆದ್ದರಿಂದ ಹೆಚ್ಚಿನ ಉದಾಹರಣೆಗಳು ಅದರವೇ.

ಒಂದು ಸಂಗತಿಯನ್ನು ಅಡಿಪಾಯವಾಗಿ ಇಟ್ಟುಕೊಳ್ಳೋಣ. ನಾಯಿ ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿ, ಅವನ ಮುಖ ನೋಡಿ ನಡೆಯುವ ಸ್ವಭಾವವನ್ನು ರಕ್ತದಲ್ಲೇ ಪಡೆದಿರುವ ಪ್ರಾಣಿ. ಗಿಣಿ ಹಾಗಲ್ಲ. ಆಸ್ಟ್ರೇಲಿಯದ ಬಡ್ಜಿಗಳನ್ನು ಪಕ್ಷಿತಜ್ಞ ಜಾನ್ ಗೂಲ್ಡ್ ಜೀವಂತವಾಗಿ ಇಂಗ್ಲೆಂಡಿಗೆ ತಂದದ್ದು 1840ರಲ್ಲಿ. ಅಂದರೆ ಇಂದು ಮನೆಮನೆಯಲ್ಲಿ ಸಾಕುವ ಈ ಪುಟ್ಟ ಗಿಣಿಗೂ ಮನುಷ್ಯನ ಮನೆಯ ಪರಿಚಯ ಇನ್ನೂರು ವರ್ಷ ತುಂಬಿಲ್ಲ. ಕೈಯಲ್ಲಿ ಉಣಿಸಿ ಬೆಳೆಸಿದ ಮರಿಯೂ ಒಳಗೆ ಕಾಡುಹಕ್ಕಿಯೇ, ಅದರಲ್ಲೂ ಬೇಟೆಗೆ ಗುರಿಯಾಗುವ ಹಕ್ಕಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಇರುವುದೇ ಮೇಲಿನಿಂದ, ಹಿಂದಿನಿಂದ ಬರುವ ಗಿಡುಗನನ್ನು ಕಾಣಲಿಕ್ಕಾಗಿ. ಆದ್ದರಿಂದಲೇ ಗಿಣಿಯ ಸ್ವಭಾವವನ್ನು ಕಟ್ಟಿರುವ ಎರಡು ದೊಡ್ಡ ಬಲಗಳು ಭಯ ಮತ್ತು ಹಿಂಡು. ಯಾವುದು ತನ್ನನ್ನು ತಿಂದೀತು, ತನ್ನವರು ಎಲ್ಲಿದ್ದಾರೆ ಎಂಬ ಎರಡು ಪ್ರಶ್ನೆಗಳು ಅದರ ಮನಸ್ಸಿನಲ್ಲಿ ಇಡೀ ದಿನ ಎಚ್ಚರವಾಗಿರುತ್ತವೆ.

ಭಯದಿಂದ ಆರಂಭಿಸೋಣ. ಕಾಕಟೀಲಿನ ಜುಟ್ಟು ಅದರ ಮನಸ್ಸಿಗೆ ಹಿಡಿದ ಕನ್ನಡಿ. ನೆಮ್ಮದಿಯಲ್ಲಿರುವಾಗ ಜುಟ್ಟು ಸಡಿಲವಾಗಿ ಹಿಂದಕ್ಕೆ ಬಾಗಿದ್ದು, ತುದಿ ಮಾತ್ರ ತುಸು ಮೇಲೆದ್ದಿರುತ್ತದೆ. ಹೊಸ ಸದ್ದು ಕೇಳಿದರೆ ಅಥವಾ ಕುತೂಹಲ ಕೆರಳಿದರೆ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತ ಜುಟ್ಟಿನ ಜೊತೆ ಮೈ ಸಪೂರವಾಗಿ, ಕತ್ತು ಉದ್ದವಾಗಿ, ಗರಿಗಳೆಲ್ಲ ಮೈಗೆ ಅಂಟಿಕೊಂಡರೆ ಅದು ಕುತೂಹಲವಲ್ಲ, ದಿಗಿಲು. ಜುಟ್ಟು ತಲೆಗೆ ಪೂರಾ ಅಂಟಿಕೊಂಡು, ಕೊಕ್ಕು ತೆರೆದು, ಹಾವಿನಂತೆ ಬುಸ್ಸೆಂದರೆ ಹಕ್ಕಿ ಎಚ್ಚರಿಕೆ ಕೊಡುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ಕೈ ಮುಂದೆ ಮಾಡಬಾರದು. ಜುಟ್ಟಿಲ್ಲದ ಜಾತಿಗಳಲ್ಲಿ ಕಣ್ಣನ್ನು ನೋಡಬೇಕು. ಆಫ್ರಿಕದ ಬೂದು ಗಿಣಿಯ ಕಣ್ಣಪಾಪೆ ಕ್ಷಣಕ್ಷಣಕ್ಕೂ ಕಿರಿದಾಗಿ ಹಿರಿದಾಗುವುದುಂಟು. ಅದು ಸಂಭ್ರಮವೂ ಆಗಿರಬಹುದು, ಸಿಟ್ಟೂ ಆಗಿರಬಹುದು. ಜೊತೆಗೆ ಕತ್ತಿನ ಗರಿ ನಿಮಿರಿದೆಯೇ, ಬಾಲ ಬೀಸಣಿಗೆಯಂತೆ ಬಿಚ್ಚಿದೆಯೇ ಎಂಬುದನ್ನೂ ಸೇರಿಸಿ ನೋಡಿದರೆ ಮಾತ್ರ ಯಾವುದೆಂದು ತಿಳಿಯುತ್ತದೆ. ಒಂದೇ ಅಂಗವನ್ನು ನೋಡಿ ತೀರ್ಮಾನಿಸುವುದು ವಾಕ್ಯದ ಒಂದೇ ಪದ ಓದಿ ಅರ್ಥ ಹೇಳಿದಂತೆ.

ಇದನ್ನು ನಾನು ತಿಳಿದದ್ದು ತಪ್ಪು ಮಾಡಿಯೇ. ನಮ್ಮ ಮೊದಲ ಗಂಡು ಕಾಕಟೀಲ್ ಚಿಕ್ಕು ಮನೆಗೆ ಬಂದು ಏಳೆಂಟು ತಿಂಗಳಾಗಿತ್ತು. ಹಬ್ಬಕ್ಕೆ ನೆಂಟರು ಬಂದಿದ್ದರು. ಆರು ವರ್ಷದ ಹುಡುಗನೊಬ್ಬ ಹಕ್ಕಿಯನ್ನು ಮುಟ್ಟಬೇಕೆಂದಾಗ, ಅದು ತುಂಬ ಸಾಧು, ಏನೂ ಮಾಡುವುದಿಲ್ಲ ಎಂದು ನಾನೇ ಹೇಳಿದೆ. ಹುಡುಗ ಬೆರಳು ಚಾಚಿದ. ಚಿಕ್ಕು ಕಡ್ಡಿಯ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಬೆರಳು ಹಿಂಬಾಲಿಸಿತು. ಮೈಯನ್ನು ಪಕ್ಕಕ್ಕೆ ವಾಲಿಸಿತು, ಜುಟ್ಟನ್ನು ತಲೆಗೆ ಒತ್ತಿತು, ಕೊಕ್ಕು ತೆರೆದು ಸದ್ದಿಲ್ಲದೆ ಒಮ್ಮೆ ಮುಂದಕ್ಕೆ ಬಾಗಿತು. ನಾವೆಲ್ಲ ನಗುತ್ತ ನೋಡುತ್ತಿದ್ದೆವು. ಐದನೆಯ ಬಾರಿಗೆ ಅದು ಕಚ್ಚಿತು. ಹುಡುಗನ ಬೆರಳಲ್ಲಿ ರಕ್ತ ಬಂತು. ಇದ್ದಕ್ಕಿದ್ದಂತೆ ಕಚ್ಚಿಬಿಟ್ಟಿತು ಎಂದು ಅಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಅದು ಇದ್ದಕ್ಕಿದ್ದಂತೆ ಆದದ್ದಾಗಿರಲಿಲ್ಲ. ಹಕ್ಕಿ ನಾಲ್ಕು ಸಲ ಬೇಡವೆಂದು ಹೇಳಿ, ಹೇಳಿದ್ದು ಯಾರಿಗೂ ನಾಟದ ಮೇಲೆ ಐದನೆಯ ದಾರಿಯನ್ನು ಹಿಡಿದಿತ್ತು. ಇದರಲ್ಲಿ ಇನ್ನೂ ಒಂದು ಅಪಾಯವಿದೆ. ಮೊದಲ ನಾಲ್ಕು ಮಾತುಗಳಿಗೆ ಬೆಲೆಯಿಲ್ಲ, ಕಚ್ಚಿದರೆ ಮಾತ್ರ ಬೆರಳು ಹಿಂದೆ ಸರಿಯುತ್ತದೆ ಎಂಬುದನ್ನು ಹಕ್ಕಿ ಬೇಗ ಕಲಿಯುತ್ತದೆ. ಹಾಗೆ ಕಲಿತ ಗಿಣಿ ಮುಂದೆ ಎಚ್ಚರಿಕೆ ಕೊಡುವುದನ್ನೇ ಬಿಟ್ಟು ನೇರವಾಗಿ ಕಚ್ಚುತ್ತದೆ. ನಾವು ಅದಕ್ಕೆ ಮುಂಗೋಪಿ ಎಂದು ಹೆಸರಿಡುತ್ತೇವೆ.

ಹಾಗೆಂದು ಕೊಕ್ಕು ತಾಗಿದ್ದೆಲ್ಲ ಕಚ್ಚುವುದಲ್ಲ. ಗಿಣಿಗೆ ಕೊಕ್ಕು ಮೂರನೆಯ ಕಾಲಿದ್ದಂತೆ. ಕೈಗೆ ಹತ್ತುವ ಮುನ್ನ ಬೆರಳನ್ನು ಕೊಕ್ಕಿನಿಂದ ಹಿಡಿದು, ಈ ಕೊಂಬೆ ಗಟ್ಟಿಯಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಆಗ ನಾವು ಬೆಚ್ಚಿ ಕೈ ಎಳೆದುಕೊಂಡರೆ, ಈ ಕೊಂಬೆ ನಂಬಿಕೆಗೆ ತಕ್ಕದ್ದಲ್ಲ ಎಂಬುದು ಅದರ ಮನಸ್ಸಿಗೆ ಬರುತ್ತದೆ.

ಇನ್ನು ಹಿಂಡಿನ ವಿಷಯ. ಚಿಕ್ಕು ಬಂದ ಮೊದಲ ವರ್ಷ ಸಂಜೆಯಾದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅಮ್ಮ ದೀಪ ಹಚ್ಚಿ ಅಡುಗೆಮನೆಗೆ ಹೋದ ಕೂಡಲೇ ಒಂದೇ ಸಮನೆ ಕಿರುಚಾಟ. ಬೈದೆವು, ಪಂಜರಕ್ಕೆ ಬಟ್ಟೆ ಹೊದಿಸಿದೆವು, ಹತ್ತಿರ ಹೋಗಿ ಸುಮ್ಮನಿರು ಎಂದು ಕೂಗಿದೆವು. ಯಾವುದಕ್ಕೂ ಅದು ಜಗ್ಗಲಿಲ್ಲ. ಕಡೆಗೊಂದು ದಿನ ಅಮ್ಮ ಒಗ್ಗರಣೆ ಹಾಕುತ್ತ, ಒಲೆಯ ಮುಂದಿನಿಂದಲೇ, ಇಲ್ಲೇ ಇದ್ದೀನಪ್ಪಾ ಎಂದು ರಾಗವಾಗಿ ಹೇಳಿದರು. ಕಿರುಚಾಟ ನಿಂತಿತು. ಎರಡು ನಿಮಿಷ ಬಿಟ್ಟು ಚಿಕ್ಕು ಒಂದು ಸಣ್ಣ ಶಿಳ್ಳೆ ಹಾಕಿತು. ಅಮ್ಮ ಮತ್ತೆ ಅದೇ ರಾಗದಲ್ಲಿ ಉತ್ತರಿಸಿದರು. ಅಂದಿನಿಂದ ಪ್ರತಿ ಸಂಜೆ ಇವರಿಬ್ಬರ ಕರೆ, ಮರುಕರೆ ಅಡುಗೆ ಮುಗಿಯುವವರೆಗೂ ನಡೆಯುತ್ತಿತ್ತು.

ನಡೆದದ್ದಿಷ್ಟೆ. ಬೆಳಗಾಗುವಾಗ ಮತ್ತು ಸಂಜೆಯಾಗುವಾಗ ಗಿಣಿಗಳ ಹಿಂಡು ಕೂಗಿಕೊಳ್ಳುವುದನ್ನು ನೀವೆಲ್ಲ ನಮ್ಮ ಊರಿನ ಮರಗಳಲ್ಲಿ ಕೇಳಿದ್ದೀರಿ. ಅದು ಹಾಜರಿಯ ಕರೆ. ಕಣ್ಣಿಗೆ ಮರೆಯಾದವರು ಇದ್ದಾರೆಯೇ ಎಂದು ಕೇಳುವ, ಇದ್ದೇನೆ ಎಂದು ಉತ್ತರಿಸುವ ಈ ಕರೆಯೇ ಹಿಂಡನ್ನು ಹಿಂಡಾಗಿ ಉಳಿಸುತ್ತದೆ. ಮನೆಯಲ್ಲಿ ಒಂಟಿಯಾಗಿರುವ ಗಿಣಿಗೆ ನಾವೇ ಹಿಂಡು. ಉತ್ತರ ಬಾರದಿದ್ದರೆ ಅದು ದನಿಯನ್ನು ಏರಿಸುತ್ತದೆ. ಕಿರುಚಿದಾಗ ನಾವು ಓಡಿಹೋಗಿ ಬೈದರೆ ಅದೂ ಒಂದು ಉತ್ತರವೇ ಆಗಿ, ಕಿರುಚಿದರೆ ಬರುತ್ತಾರೆ ಎಂಬ ಪಾಠ ಗಟ್ಟಿಯಾಗುತ್ತದೆ. ಸಣ್ಣ ದನಿಯ ಕರೆಗೆ ತಪ್ಪದೆ ಓಗೊಟ್ಟು, ಕಿರುಚಾಟ ನಿಂತ ಕ್ಷಣದಲ್ಲಿ ಮಾತ್ರ ಹತ್ತಿರ ಹೋಗುವುದು ಇದಕ್ಕೆ ಪರಿಹಾರ. ಹೇಳುವಷ್ಟು ಸುಲಭವಲ್ಲ, ವಾರಗಟ್ಟಲೆ ತಾಳ್ಮೆ ಬೇಕು.

ಈ ಕರೆಗಳು ಎಷ್ಟು ಆಳವಾದವು ಎಂಬುದನ್ನು ವೆನೆಜುವೆಲದ ಪುಟ್ಟ ಹಸಿರು ಗಿಣಿಗಳ ಮೇಲೆ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಅಲ್ಲಿ ಒಂದೊಂದು ಮರಿಗೂ ಅದರದೇ ಆದ ಗುರುತಿನ ಕರೆಯಿರುತ್ತದೆ, ಹೆಚ್ಚುಕಡಿಮೆ ಹೆಸರಿದ್ದಂತೆ. ಅದು ಹುಟ್ಟಿನಿಂದ ಬರುವುದೋ ಕಲಿಕೆಯಿಂದ ಬರುವುದೋ ಎಂದು ತಿಳಿಯಲು ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದು ಗೂಡಿಗೆ ಬದಲಿಸಿ ನೋಡಿದಾಗ, ಮರಿಗಳ ಕರೆ ಹೆತ್ತವರ ಕರೆಯನ್ನಲ್ಲ, ಸಾಕಿದವರ ಕರೆಯನ್ನು ಹೋಲುತ್ತಿತ್ತು. ಮನೆಯ ಗಿಣಿ ನಮ್ಮ ಮಾತನ್ನು ಏಕೆ ಕಲಿಯುತ್ತದೆ ಎಂಬುದಕ್ಕೆ ಇಲ್ಲಿ ಸುಳಿವಿದೆ. ಅದಕ್ಕೆ ಮಾತು ಮನರಂಜನೆಯಲ್ಲ. ತನ್ನ ಹಿಂಡಿಗೆ ಸೇರುವ ದಾರಿ.

ಪ್ರಾಣಿಗಳ ಬುದ್ಧಿಯನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಚಿಕಾಗೋದ ಅಂಗಡಿಯೊಂದರಿಂದ ಕೊಂಡು ತಂದ ಅಲೆಕ್ಸ್ ಎಂಬ ಬೂದು ಗಿಣಿಯನ್ನು ಇಲ್ಲಿ ನೆನೆಯಲೇಬೇಕು. ಅದಕ್ಕೆ ಮಾತು ಕಲಿಸಿದ್ದು ಒಂದೇ ಪದವನ್ನು ಸಾವಿರ ಸಲ ಕೇಳಿಸಿ ಅಲ್ಲ. ಇಬ್ಬರು ಮನುಷ್ಯರು ಅದರೆದುರು ಕೂತು ಒಂದು ವಸ್ತುವಿನ ಬಗ್ಗೆ ಪರಸ್ಪರ ಕೇಳುತ್ತ, ಸರಿಯಾಗಿ ಹೇಳಿದವರಿಗೆ ಆ ವಸ್ತುವನ್ನೇ ಕೊಡುತ್ತಿದ್ದರು. ಹಕ್ಕಿ ಆ ಸಂಭಾಷಣೆಯೊಳಗೆ ತಾನೂ ನುಗ್ಗಿ ಕಲಿಯಿತು. ವಸ್ತು, ಬಣ್ಣ, ಆಕಾರಗಳ ಹೆಸರುಗಳೂ ಸೇರಿದಂತೆ ನೂರಕ್ಕೂ ಹೆಚ್ಚು ಪದಗಳನ್ನು ಅರ್ಥಸಹಿತ ಬಳಸಿ, 2007ರ ಸೆಪ್ಟೆಂಬರಿನಲ್ಲಿ ತನ್ನ 31ನೆಯ ವಯಸ್ಸಿನಲ್ಲಿ ಅಲೆಕ್ಸ್ ತೀರಿಕೊಂಡಿತು. ಗಿಳಿಪಾಠ ಎಂಬ ನಮ್ಮ ಪದಕ್ಕೆ ಅದು ಕೊಟ್ಟ ಉತ್ತರ ದೊಡ್ಡದು. ಆದರೆ ನನ್ನ ಮನಸ್ಸಿಗೆ ನಾಟಿರುವುದು ಅದರ ಇನ್ನೊಂದು ಮಾತು. ಪಾಠ ಬೇಸರವಾದಾಗ ಅದು ಹಿಂದಕ್ಕೆ ಹೋಗಬೇಕು ಎಂದು ತನ್ನ ಪಂಜರದ ಕಡೆಗೆ ಕಳಿಸಲು ಕೇಳುತ್ತಿತ್ತು. ನಮ್ಮ ಚಿಕ್ಕು ಕಡ್ಡಿಯ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ್ದನ್ನೇ ಅಲೆಕ್ಸ್ ಇಂಗ್ಲಿಷಿನಲ್ಲಿ ಹೇಳಿತು.

ಪ್ರೀತಿಯಿಂದಲೇ ನಾವು ಮಾಡುವ ಒಂದು ತಪ್ಪನ್ನೂ ಹೇಳಬೇಕು. ಗಿಣಿ ತಲೆ ಬಗ್ಗಿಸಿ, ಕತ್ತಿನ ಗರಿ ಸಡಿಲಿಸಿ ಹತ್ತಿರ ಬಂದರೆ ತಲೆ ಕೆರೆಯಿರಿ ಎಂದರ್ಥ. ತಲೆ ಮತ್ತು ಕತ್ತನ್ನು ನೇವರಿಸುವುದು ಹಿಂಡಿನ ಸ್ನೇಹಿತರು ಒಬ್ಬರಿಗೊಬ್ಬರು ಮಾಡುವ ಕೆಲಸ. ಬೆನ್ನು, ರೆಕ್ಕೆಯ ಕೆಳಗು, ಬಾಲದ ಬುಡವನ್ನು ನೇವರಿಸುವುದು ಮಾತ್ರ ಅದಕ್ಕೆ ಜೋಡಿಹಕ್ಕಿಯ ಸ್ಪರ್ಶ. ಇದರ ಜೊತೆ ಕತ್ತಲೆಯ ಮೂಲೆಯೋ ರಟ್ಟಿನ ಡಬ್ಬಿಯೋ ಸಿಕ್ಕಿದರೆ ದೇಹ ಗೂಡು ಕಟ್ಟುವ ಕಾಲಕ್ಕೆ ಸಿದ್ಧವಾಗುತ್ತದೆ. ಹೆಣ್ಣು ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟು ನಿತ್ರಾಣವಾಗುತ್ತದೆ, ಗಂಡು ಒಬ್ಬರನ್ನೇ ತನ್ನವರೆಂದು ಹಿಡಿದು ಮಿಕ್ಕವರ ಮೇಲೆ ಎರಗುತ್ತದೆ. ನಿನ್ನೆಯವರೆಗೆ ಸಾಧುವಾಗಿದ್ದ ಹಕ್ಕಿ ಪ್ರಾಯಕ್ಕೆ ಬಂದಾಗ ಬದಲಾಯಿತು ಎಂದು ಕೊರಗುವವರು ಮೊದಲು ತಮ್ಮ ಕೈ ಎಲ್ಲಿ ನೇವರಿಸುತ್ತಿದೆ ಎಂದು ನೋಡಿಕೊಳ್ಳಬೇಕು. ರಾತ್ರಿ ಹತ್ತರಿಂದ ಹನ್ನೆರಡು ಗಂಟೆಗಳ ನಿದ್ದೆಯೂ ಈ ಕೆರಳುವಿಕೆಯನ್ನು ತಗ್ಗಿಸುತ್ತದೆ. ಟಿವಿ ಉರಿಯುವ ನಡುಮನೆಯಲ್ಲಿ ಅದು ಸಿಗುವುದಿಲ್ಲ.

ಗರಿ ಕಿತ್ತುಕೊಳ್ಳುವ ಹಕ್ಕಿಯ ಬಗ್ಗೆ ನನ್ನ ಮೊದಲ ಮಾತು ಯಾವಾಗಲೂ ಒಂದೇ: ಹಕ್ಕಿಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಚರ್ಮದ ಸೋಂಕು, ಯಕೃತ್ತಿನ ತೊಂದರೆ, ಬರೀ ಸೂರ್ಯಕಾಂತಿ ಬೀಜ ತಿಂದು ಉಂಟಾದ ಎ ಜೀವಸತ್ವದ ಕೊರತೆ, ಯಾವುದೂ ಇರಬಹುದು. ರೋಗವಿಲ್ಲವೆಂದು ಖಚಿತವಾದ ಮೇಲೆ ದಿನಚರಿಯನ್ನು ನೋಡಬೇಕು. ಕಾಡಿನಲ್ಲಿ ದಿನದ ಬಹುಪಾಲನ್ನು ಆಹಾರ ಹುಡುಕುವುದರಲ್ಲಿ ಕಳೆಯುವ ಜೀವಿಗೆ ತುಂಬಿದ ಬಟ್ಟಲನ್ನು ಎದುರಿಗಿಟ್ಟರೆ ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ, ಉಳಿದ ಹಗಲೆಲ್ಲ ಕೊಕ್ಕಿಗೆ ಕೆಲಸವಿಲ್ಲ. ನಮ್ಮಲ್ಲಿ ನವಣೆಯ ತೆನೆಯನ್ನು ಹಾಗೆಯೇ ಕಟ್ಟುತ್ತೇವೆ, ನುಗ್ಗೆಸೊಪ್ಪನ್ನು ಕಡ್ಡಿಸಮೇತ ಸಿಕ್ಕಿಸುತ್ತೇವೆ, ಕಾಳನ್ನು ಕಾಗದದಲ್ಲಿ ಸುತ್ತಿ ತೆಂಗಿನ ಕರಟದೊಳಗೆ ಇಡುತ್ತೇವೆ. ಆದರೆ ಹೊಸ ವಸ್ತುವನ್ನು ಒಮ್ಮೆಲೇ ಪಂಜರದೊಳಗೆ ಹಾಕಬಾರದು. ಮೊದಲು ದೂರದ ಮೇಜಿನ ಮೇಲಿಟ್ಟು, ದಿನಕ್ಕಿಷ್ಟು ಹತ್ತಿರ ತಂದು, ಮೈ ಸಡಿಲವಾಗಿದೆ ಎಂದು ಕಂಡ ಮೇಲೆ ಒಳಗಿಡಬೇಕು. ಕೆಂಪು ಬಕೆಟ್ಟೊಂದಕ್ಕೆ ಹೆದರಿ ಚಿಕ್ಕು ಒಂದು ಹಗಲು ನೀರನ್ನೂ ಮುಟ್ಟದೆ ಕೂತದ್ದನ್ನು ನಾನು ಕಂಡಿದ್ದೇನೆ. ಕಾಕಟೀಲ್‌ಗಳು ರಾತ್ರಿ ಕತ್ತಲಲ್ಲಿ ಸಣ್ಣ ಸದ್ದಿಗೂ ಬೆಚ್ಚಿ ಪಂಜರದ ಸರಳುಗಳಿಗೆ ಬಡಿದುಕೊಳ್ಳುವುದುಂಟು; ಒಂದು ಮಂದ ದೀಪ ಸಾಕು, ಆ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ.

ಕೊನೆಯದಾಗಿ, ಗಿಣಿ ಮರೆಮಾಚುವ ಒಂದು ಸಂಗತಿಯಿದೆ, ಅದು ಕಾಯಿಲೆ. ಕಾಡಿನಲ್ಲಿ ಬಲಹೀನವಾಗಿ ಕಂಡ ಹಕ್ಕಿಯೇ ಮೊದಲು ಗಿಡುಗನ ಪಾಲಾಗುವುದರಿಂದ, ನೋವನ್ನು ಕಡೆಯ ಗಳಿಗೆಯವರೆಗೂ ತೋರಿಸದಿರುವುದು ಅದರ ಹುಟ್ಟುಗುಣ. ಒಂದು ಕಾಲನ್ನು ಮಡಚಿ, ಕೊಕ್ಕನ್ನು ಕಿರ್‌ಕಿರ್ ಎಂದು ಮೆಲ್ಲನೆ ಉಜ್ಜುತ್ತ ತೂಕಡಿಸುವ ಹಕ್ಕಿ ಸುಖದಲ್ಲಿದೆ. ಹಗಲಲ್ಲೂ ಗರಿಯುಬ್ಬಿಸಿ, ಎರಡೂ ಕಾಲೂರಿ, ಉಸಿರಿಗೊಮ್ಮೆ ಬಾಲ ಅಲ್ಲಾಡಿಸುತ್ತ ಕೂತ ಹಕ್ಕಿಯನ್ನು ನಾಳೆಗೆ ಮುಂದೂಡಬೇಡಿ. ಸಾಮಾನ್ಯವಾಗಿ 80ರಿಂದ 110 ಗ್ರಾಂ ತೂಗುವ ಕಾಕಟೀಲಿನಲ್ಲಿ ಹತ್ತು ಗ್ರಾಂ ಇಳಿದರೆ ಅದು ಬಹಳ ದೊಡ್ಡ ಇಳಿತ. ಗರಿಗಳ ಮರೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿದರೆ ಕಾಣುತ್ತದೆ.

ಈಗ ನಿಮ್ಮ ಪ್ರಶ್ನೆಗಳಿಗೆ ಸಮಯ. ಒಂದು ವಿನಂತಿ ಮಾತ್ರ ಇದೆ. ನಿಮ್ಮ ಮನೆಯ ಹಕ್ಕಿ ಏನು ಮಾಡಿತು ಎಂದು ಹೇಳುವ ಮೊದಲು, ಅದನ್ನು ಮಾಡುವುದಕ್ಕೆ ಒಂದು ನಿಮಿಷ ಮುಂಚೆ ಅದು ಎಲ್ಲಿ ಕೂತಿತ್ತು, ಗರಿ ಹೇಗಿತ್ತು, ಯಾರ ಕಡೆ ನೋಡುತ್ತಿತ್ತು ಎಂಬುದನ್ನು ನೆನಪಿಸಿಕೊಂಡು ಹೇಳಿ. ಅಲ್ಲಿಂದಲೇ ಆರಂಭಿಸೋಣ.