ಟಿವಿ ಮೊದಲು ಬಂದದ್ದು ನಮ್ಮ ಕಡೆಗೆ, ಆದರೆ ಮಾತು ಯಾರದು?

ನಮಸ್ಕಾರ ಕೇಳುಗರೇ. ರೇಡಿಯೋದಲ್ಲಿ ಕೂತು ಟಿವಿ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆ ಅನ್ನಿಸಬಹುದು. ಇರಲಿ, ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿ ಅನ್ನೋ ಒಂದೇ ಸಂಸ್ಥೆಯ ಮಕ್ಕಳೇ. ತಮ್ಮನ ಬಗ್ಗೆ ಅಣ್ಣ ಎರಡು ಮಾತು ಆಡಿದರೆ ತಪ್ಪೇನಿಲ್ಲ.

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಲಬುರಗಿ ಕಡೆಗೆ. 1975ರ ಆಗಸ್ಟ್‌ನಲ್ಲಿ 'ಸೈಟ್' ಅನ್ನೋ ಪ್ರಯೋಗ ಶುರುವಾಯಿತು. ನಾಸಾದ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ, ಅದರಲ್ಲಿ ಆಗಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ತಂತಿ ಜಾಲರಿಯ ದೊಡ್ಡ ಡಿಶ್, ಊರಿಗೊಂದೇ ಟಿವಿ, ಸಂಜೆಯಾದರೆ ಜನರೆಲ್ಲ ಅದರ ಮುಂದೆ. ಬೇಸಾಯ, ಆರೋಗ್ಯ, ಜೊತೆಗೆ ಸುದ್ದಿ. ಆದರೆ ಆ ತಿಂಗಳು ಯಾವುದು ನೋಡಿ. ತುರ್ತು ಪರಿಸ್ಥಿತಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿ. ಅಂದರೆ ನಮ್ಮ ಹಳ್ಳಿಗಳು ಟಿವಿಯಲ್ಲಿ ರಾಜಕೀಯ ನೋಡೋದನ್ನ ಕಲಿತದ್ದೇ ಒಂದು ಕಡೆಯವರ ಮಾತು ಮಾತ್ರ ಕೇಳಿಸುತ್ತಿದ್ದ ಕಾಲದಲ್ಲಿ. 1977ರಲ್ಲಿ ಗುಲ್ಬರ್ಗಾದಲ್ಲೇ ಟ್ರಾನ್ಸ್‌ಮಿಟರ್ ಬರುವಷ್ಟರಲ್ಲಿ ದಿಲ್ಲಿಯ ಸರ್ಕಾರ ಬದಲಾಗಿತ್ತು. ಹಳೇ ಚಾಳಿ ಮಾತ್ರ ಉಳಿಯಿತು, ಯಾವ ಪಕ್ಷ ಬಂದರೂ.

ಕಾನೂನು ಚೆನ್ನಾಗಿಯೇ ಇದೆ. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು. ಬೇರೆ ಬೇರೆ ಅಭಿಪ್ರಾಯಗಳನ್ನು ಜನರ ಮುಂದಿಡಬೇಕು, ಸಂಸ್ಥೆ ತನ್ನದೇ ಸಿದ್ಧಾಂತ ಹೇರಬಾರದು ಅಂತ ಅದರಲ್ಲಿ ಬರೆದಿದೆ. ಆದರೆ ದುಡ್ಡು ಹೆಚ್ಚಾಗಿ ಬರೋದು ಸರ್ಕಾರದಿಂದಲೇ. ಹಾಗಾಗಿ ಸುದ್ದಿಯಲ್ಲಿ ಏನಾಗುತ್ತದೆ? ಸಚಿವರು ರಿಬ್ಬನ್ ಕತ್ತರಿಸೋದು, ಭಾಷಣ ಮಾಡೋದು, ಫಲಾನುಭವಿಗೆ ಚೆಕ್ ಕೊಡೋದು, ಎಲ್ಲ ದೃಶ್ಯಸಮೇತ ಬರುತ್ತದೆ. ಕೊನೆಗೆ ಒಂದು ಸಾಲು: ಪ್ರತಿಪಕ್ಷ ಇದನ್ನು ಟೀಕಿಸಿದೆ. ಯಾಕೆ ಟೀಕಿಸಿತು ಅಂತ ಕೇಳೋ ಹೊತ್ತಿಗೆ ಹವಾಮಾನ ವರದಿ ಬಂದಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಅಲ್ವಾ? ಖಾಸಗಿ ಚಾನೆಲ್‌ಗಳ ಹಾಗೆ ಆರು ಜನರನ್ನು ಆರು ಚೌಕದಲ್ಲಿ ಕೂರಿಸಿ ಕಿರುಚಿಸಿಯೂ ಇಲ್ಲ. ಅದು ದೂರದರ್ಶನದ ದೊಡ್ಡ ಗುಣ, ನನಗಂತೂ ಆ ಗಲಾಟೆಗಿಂತ ಇದೇ ಲೇಸು. ಆದರೂ ಒಂದು ಪ್ರಶ್ನೆ ಟಿವಿಯಲ್ಲಿ ಬರಲೇ ಇಲ್ಲ ಅಂದರೆ ಕಟ್ಟೆ ಮೇಲೆ ಅದರ ಚರ್ಚೆಯೂ ಆಗೋದಿಲ್ಲ.

ಚುನಾವಣೆ ಬಂದಾಗ ಮಾತ್ರ ಸ್ವಲ್ಪ ನ್ಯಾಯ ಸಿಗುತ್ತದೆ. ಮಾನ್ಯತೆ ಪಡೆದ ಪಕ್ಷಗಳಿಗೆ ಚುನಾವಣಾ ಆಯೋಗದ ಯೋಜನೆಯಂತೆ ಪುಕ್ಕಟೆ ಸಮಯ ಕೊಡುತ್ತಾರೆ, ಒಂದು ಪಾಲು ಎಲ್ಲರಿಗೂ ಸಮ, ಉಳಿದದ್ದು ಹಿಂದಿನ ಮತಗಳ ಲೆಕ್ಕದಲ್ಲಿ. ಆದರೆ ಭಾಷಣ ಮೊದಲೇ ಬರೆದು ಕೊಡಬೇಕು. 2024ರಲ್ಲಿ ಸಿಪಿಎಂನ ಸೀತಾರಾಂ ಯೆಚೂರಿ ಅವರ ಭಾಷಣದಿಂದ ಕೆಲವು ಮಾತುಗಳನ್ನು ತೆಗೆಸಿದ್ದರು, ಅದೇ ದೊಡ್ಡ ಸುದ್ದಿಯಾಯಿತು. (ನಾನೂ ಈಗ ಬರೆದದ್ದನ್ನೇ ಓದ್ತಾ ಇದ್ದೀನಿ, ಸುಮ್ನೆ ಹೇಳಿದೆ.)

ಇನ್ನು ನಮ್ಮ ಕಲ್ಯಾಣ ಕರ್ನಾಟಕದ ಮಾತು. ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ನೆನಪಿಗೆ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವಾಗ ಕ್ಯಾಮೆರಾ ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿಯ ಹುದ್ದೆಗಳು ಎಷ್ಟು ತುಂಬಿದವು, ತೊಗರಿ ಖರೀದಿ ಕೇಂದ್ರ ಯಾಕೆ ತಡವಾಗಿ ತೆರೆಯಿತು ಅನ್ನೋದಕ್ಕೆ ಉತ್ತರ ಹೇಳಬೇಕಾದವರನ್ನು ಕೂರಿಸಿ ಕೇಳೋ ಕಾರ್ಯಕ್ರಮ ಎಲ್ಲಿದೆ? ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದ ತುಂಬ ಬಂದ್ ಮಾಡುವಾಗ ಕಲಬುರಗಿಯದ್ದೂ ನಿಂತಿತು. ತಂತ್ರಜ್ಞಾನ ಹಳೆಯದಾಗಿತ್ತು, ಒಪ್ಪೋಣ. ಆದರೆ ರಾಜಕೀಯದವರನ್ನು ಇಲ್ಲೇ ಕೂರಿಸಿ ಪ್ರಶ್ನೆ ಕೇಳೋಕೆ ಅನಲಾಗ್ ಬೇಕಾಗಿಲ್ಲ. ವಾರಕ್ಕೆ ಅರ್ಧ ಗಂಟೆ ಸಾಕು. ಒಂದು ಕಡೆ ಸುರಪುರದ ಹತ್ತಿ ಬೆಳೆಗಾರ, ಭಾಲ್ಕಿಯ ಕಬ್ಬು ಬೆಳೆಗಾರ, ಚಿಂಚೋಳಿಯಿಂದ ಕೂಲಿಗೆ ಮುಂಬೈಗೆ ಹೋಗಿ ಬಂದ ಹೆಣ್ಣುಮಗಳು. ಎದುರಿಗೆ ಶಾಸಕರು, ಸಂಸದರು. ದೂರದರ್ಶನದ ಚಂದನ ಚಾನೆಲ್‌ನಲ್ಲಿ ನೇರ ಪ್ರಸಾರ. ಒಂದೇ ಷರತ್ತು: ಪ್ರಶ್ನೆ ಮೊದಲೇ ಬರೆದು ಕೊಡಿ ಅಂತ ಯಾರೂ ಕೇಳಬಾರದು.