ಅಂಗೈಯಗಲದ ಕಾರಿಗೆ ಎಂಜಿನ್ ಕೂರಿಸುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಬಾನುಲಿಯವರು ಮಾತಿಗೆ ಕರೆದಾಗ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಬಗ್ಗೆ ಕೇಳುತ್ತಾರೆಂದು ಭಾವಿಸಿದ್ದೆ. ಅವರು ಕೇಳಿದ್ದು ರಾತ್ರಿ ಅಂಗಡಿಯ ಶಟರ್ ಎಳೆದ ಮೇಲೆ ನಾನು ಮಾಡುವ ಕೆಲಸದ ಬಗ್ಗೆ. ಹಾಟ್ ರಾಡ್ ಕಾರುಗಳ ಪ್ಲಾಸ್ಟಿಕ್ ಮಾದರಿಗಳನ್ನು ನಾನು ಜೋಡಿಸುತ್ತೇನೆ. ಆ ಜೋಡಣೆಯಲ್ಲಿ ಎಂಜಿನ್ ಕೂರಿಸುವ ಭಾಗವೊಂದನ್ನೇ ಈ ಹೊತ್ತು ಹೇಳುವೆ, ಏಕೆಂದರೆ ಉಳಿದದ್ದನ್ನು ಡಬ್ಬಿಯೊಳಗಿನ ಚಿತ್ರ ನೋಡಿ ಯಾರಾದರೂ ಮಾಡಬಹುದು.

ಹಳೆಯ ಕಾರಿನಿಂದ ಬೇಡದ ತಗಡನ್ನೆಲ್ಲ ಕಿತ್ತು, ಭಾರ ಇಳಿಸಿ, ಬಲವಾದ ಎಂಜಿನ್ ಹಾಕಿದರೆ ಅದು ಹಾಟ್ ರಾಡ್. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್, ಎಲ್ ಮಿರಾಜ್ ಎಂಬ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ ಇಂಥ ಕಾರುಗಳನ್ನು ಓಡಿಸುತ್ತಿದ್ದರು. ಅವರಿಗೆ ಬಹಳ ಪ್ರಿಯವಾಗಿದ್ದದ್ದು 1932ರ ಫೋರ್ಡ್. ಸಾಮಾನ್ಯರ ಕೈಗೆಟಕುವ ಆ ಕಾರಿನಲ್ಲಿ 221 ಘನ ಇಂಚಿನ, 65 ಅಶ್ವಶಕ್ತಿಯ ವಿ-8 ಎಂಜಿನ್, ಅಂದರೆ ನಾಲ್ಕು ನಾಲ್ಕರ ಎರಡು ಸಾಲಾಗಿ ವಿ ಆಕಾರದಲ್ಲಿ ಎಂಟು ಸಿಲಿಂಡರುಗಳಿರುವ ಎಂಜಿನ್, ಇತ್ತು. 1955ರಲ್ಲಿ ಷೆವ್ರೋಲೆ ಕಂಪನಿ 265 ಘನ ಇಂಚಿನ ಹೊಸ ವಿ-8 ತಂದ ಮೇಲೆ, ಫೋರ್ಡಿನ ಮೈಯೊಳಗೆ ಷೆವ್ರೋಲೆಯ ಎಂಜಿನ್ ಇಳಿಸುವುದು ರೂಢಿಯಾಯಿತು. ನಮ್ಮ ಗ್ಯಾರೇಜುಗಳಲ್ಲಿ ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಅಂಗಡಿಗಳಲ್ಲಿ ಸಿಗುವ ಕಾರಿನ ಕಿಟ್‌ಗಳು ಹೆಚ್ಚಾಗಿ 1:24 ಅಥವಾ 1:25 ಅಳತೆಯವು, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕನೆಯ ಅಥವಾ ಇಪ್ಪತ್ತೈದನೆಯ ಒಂದು ಪಾಲು. ನನಗೆ ಎರಡನೆಯದೇ ಅನುಕೂಲ. ಒಂದು ಇಂಚೆಂದರೆ 25.4 ಮಿಲಿಮೀಟರ್ ತಾನೆ, ಆದ್ದರಿಂದ ನಿಜವಾದ ಕಾರಿನ ಒಂದು ಇಂಚು ಈ ಮಾದರಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಗುತ್ತದೆ. ಆ ಫೋರ್ಡಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 106 ಇಂಚು; ಮಾದರಿಯಲ್ಲಿ ಅದು ಸುಮಾರು 108 ಮಿಲಿಮೀಟರ್. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಮೆಕ್ಯಾನಿಕ್ ಒಂದು ಇಂಚು ಜಾಗ ಬಿಟ್ಟರೆ, ನಾನು ಒಂದು ಮಿಲಿಮೀಟರ್ ಬಿಡುತ್ತೇನೆ.

ನನ್ನ ಮೊದಲ ಎಂಜಿನ್ ಹಾಳಾದದ್ದು ಅವಸರದಿಂದ. ಫೋರ್ಡ್ ಕಿಟ್‌ನ ಚಾಸಿಗೆ, ಅಂದರೆ ಕಾರಿನ ಅಡಿಚೌಕಟ್ಟಿಗೆ, ಇನ್ನೊಂದು ಕಿಟ್‌ನ ಷೆವ್ರೋಲೆ ಎಂಜಿನ್ನನ್ನು ಇಟ್ಟು, ಕಣ್ಣಳತೆಯಲ್ಲೇ ಸರಿಯಾಯಿತೆಂದು ಅಂಟು ಬಿಟ್ಟೆ. ಮರುದಿನ ಮೇಲಿನಿಂದ ಬಾಡಿ ಇಳಿಸಿದರೆ ಅದು ಎರಡು ಮಿಲಿಮೀಟರ್ ಎತ್ತರದಲ್ಲೇ ನಿಂತುಕೊಂಡಿತು. ಫೋರ್ಡಿನ ಆ ಹಳೆಯ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಮುಂಭಾಗದಲ್ಲಿ, ಷೆವ್ರೋಲೆಯದರಲ್ಲಿ ಹಿಂಭಾಗದಲ್ಲಿ. ಅದು ಹೋಗಿ ಎಂಜಿನ್ನಿಗೂ ಚಾಲಕನಿಗೂ ನಡುವಿನ ಅಡ್ಡಗೋಡೆಗೆ ತಾಗಿತ್ತು. ಹಿಡಿದೆಳೆದಾಗ ಎಂಜಿನ್ ಜೊತೆಗೆ ಚಾಸಿಯ ಪಟ್ಟಿಯೂ ಮುರಿದು ಬಂತು. ಈ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಇದಕ್ಕೆ ಹಾಕುವ ನೀರಿನಂಥ ಅಂಟು ಎರಡೂ ಬದಿಯನ್ನು ಕರಗಿಸಿ ಒಂದಾಗಿಸಿ, ತಾನು ಆರಿಹೋಗುತ್ತದೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಂತೂ ಅದು ಮನಸ್ಸು ಬದಲಾಯಿಸಲು ಸಮಯವನ್ನೇ ಕೊಡುವುದಿಲ್ಲ.

ಅಂದಿನಿಂದ ನಾನು ಅಂಟಿನ ಸೀಸೆಯ ಮುಚ್ಚಳ ತೆಗೆಯುವ ಮೊದಲೇ ಎಂಜಿನ್ನಿನ ಜಾಗ ಗೊತ್ತುಮಾಡುತ್ತೇನೆ. ಎಂಜಿನ್ ಬ್ಲಾಕಿನ ಎರಡು ಹೋಳು, ಗೇರ್‌ಬಾಕ್ಸ್, ಆಯಿಲ್ ಚೇಂಬರ್ ಇಷ್ಟನ್ನು ಮಾತ್ರ ಜೋಡಿಸಿ, ಮಕ್ಕಳು ಆಡುವ ಜೇಡಿಯ ಒಂದು ಉಂಡೆಯ ಮೇಲೆ ಚಾಸಿಯಲ್ಲಿ ಕೂರಿಸುತ್ತೇನೆ. ಬಾಡಿ, ರೇಡಿಯೇಟರ್, ಬಾನೆಟ್ ಇವನ್ನೆಲ್ಲ ಟೇಪಿನಿಂದ ಕಟ್ಟುತ್ತೇನೆ. ಮೊದಲು ಹಿಂದೆ ಡಿಸ್ಟ್ರಿಬ್ಯೂಟರ್, ಆಮೇಲೆ ಮುಂದೆ ಫ್ಯಾನ್, ಆಮೇಲೆ ಕೆಳಗೆ ಆಯಿಲ್ ಚೇಂಬರ್ ಮುಂದಿನ ಆಕ್ಸಲ್ಲಿಗೆ ತಾಗುತ್ತದೆಯೇ ಎಂದು ನೋಡುತ್ತೇನೆ. ಕೊನೆಗೆ ಬಾನೆಟ್ ಮುಚ್ಚಿ ಏರ್ ಕ್ಲೀನರ್ ಎತ್ತಿ ಹಿಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವುದೇ ಈ ಕೆಲಸದ ಸ್ವಭಾವವಾದ್ದರಿಂದ, ಆ ಜೇಡಿಯುಂಡೆಯನ್ನು ಒತ್ತಿ, ಎತ್ತಿ, ಮತ್ತೆ ಒತ್ತಿ ಎರಡು ಸಂಜೆ ಕಳೆದುಹೋಗುವುದುಂಟು. ನನಗೆ ಇಡೀ ಕಿಟ್‌ನಲ್ಲಿ ಹಿತವಾದ ಸಂಜೆಗಳು ಇವೇ.

ಡಿಸ್ಟ್ರಿಬ್ಯೂಟರ್ ತಾಗಿದರೆ ಎಂಜಿನ್ನನ್ನು ಮುಂದಕ್ಕೆ ತಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಫ್ಯಾನ್ ರೇಡಿಯೇಟರಿಗೆ ಹೊಡೆಯುತ್ತದೆ. ನಿಜವಾದ ಕಾರು ಕಟ್ಟುವವರು ಅಡ್ಡಗೋಡೆಯನ್ನೇ ಕತ್ತರಿಸಿ, ಅಲ್ಲಿ ಒಳಕ್ಕೆ ಒಂದು ಗೂಡು ಮಾಡುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ: ಅರ್ಧ ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್ ಹಾಳೆಯಿಂದ ಬೆಂಕಿಪೊಟ್ಟಣದ ಒಳತಟ್ಟೆಯಂಥ ಸಣ್ಣ ಪೆಟ್ಟಿಗೆ ಕಟ್ಟಿ, ಗೋಡೆ ಕೊಯ್ದ ಜಾಗಕ್ಕೆ ಹಿಂದಿನಿಂದ ಕೂರಿಸಿ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜುತ್ತೇನೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಹುಣಸೆಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ, ಸೆಣಬು ಮತ್ತು ಮರದ ಹೊಟ್ಟು ಸೇರಿಸಿದ ಕಿಟ್ಟವನ್ನು ಬೆಸುಗೆಯ ಮೇಲೆ ಬಳಿಯುತ್ತಾರೆ. ಅವರ ಕಿಟ್ಟಕ್ಕೂ ನನ್ನ ಕಿಟ್‌ಗೂ ನಂಟು ಬರೀ ಹೆಸರಿನದಲ್ಲ ಎಂದು ಉಜ್ಜುವಾಗಲೆಲ್ಲ ಅನ್ನಿಸುತ್ತದೆ.

ಇನ್ನು ಓರೆ. ಗೇರ್‌ಬಾಕ್ಸಿನ ಬಾಲ ಹಿಂದಿನ ಆಕ್ಸಲ್ಲಿನ ಹೌಸಿಂಗಿನ ಕಡೆಗೆ ನೇರವಾಗಿ ನೋಡಬೇಕು, ಇಲ್ಲವಾದರೆ ಎರಡನ್ನೂ ಕೂಡಿಸುವ ಶಾಫ್ಟ್ ಕೂರುವುದಿಲ್ಲ. ಜೊತೆಗೆ ಎಂಜಿನ್ ಹಿಂದಕ್ಕೆ ಮೂರು ಡಿಗ್ರಿಯಷ್ಟು ಬಾಗಿರಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೂರುವ ಹಾಸನ್ನು ಇಂಥ ಬಾಗಿಗೆ ತಕ್ಕಂತೆಯೇ ಎರಕ ಹೊಯ್ದಿರುತ್ತಾರೆ; ಎಂಜಿನ್ ಓರೆಯಾದಾಗ ಕಾರ್ಬುರೇಟರ್ ಮಟ್ಟಸವಾಗುತ್ತದೆ. ಎಂಜಿನ್ನನ್ನು ಮಟ್ಟಸವಾಗಿ ಕೂರಿಸಿದ ಮಾದರಿಗಳಲ್ಲಿ ಕಾರ್ಬುರೇಟರಿನ ಮೇಲಿನ ಏರ್ ಕ್ಲೀನರ್ ಮೂಗು ತಗ್ಗಿಸಿ ನಿಂತಿರುತ್ತದೆ. ಜಾಗ ಗೊತ್ತಾದ ಮೇಲೆ ಚಾಸಿಯ ಎರಡೂ ಪಟ್ಟಿಗಳಿಗೆ ಹೊಸ ಮೌಂಟಿಂಗ್ ಮಾಡಿ ಅಂಟಿಸುತ್ತೇನೆ, ಎಂಜಿನ್ನನ್ನು ಇನ್ನೂ ಅಂಟಿಸುವುದಿಲ್ಲ. ಅದನ್ನು ಹೊರತೆಗೆದು, ಅಚ್ಚಿನ ಗೆರೆಗಳನ್ನು ಕೆರೆದು, ಷೆವ್ರೋಲೆಯ ಕಿತ್ತಳೆ ಬಣ್ಣ ಬಳಿದು, ಬಟ್ಟಲು ಕವುಚಿ ಒಣಗಲು ಬಿಡುತ್ತೇನೆ. ಕವುಚದಿದ್ದರೆ ಬೆಳಗಾಗುವಷ್ಟರಲ್ಲಿ ಹಸಿ ಬಣ್ಣದ ಮೇಲೆ ನಮ್ಮ ಊರಿನ ಕೆಂಧೂಳು ಕೂತಿರುತ್ತದೆ. ಕ್ರೋಮ್ ಹೊಳಪಿನ ಭಾಗಗಳಿಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಕೂಡುವ ಜಾಗದಲ್ಲಿ ಮಾತ್ರ ಹೊಳಪನ್ನು ಕೆರೆದು ತೆಗೆಯಬೇಕು.

ಈಗ ನನ್ನ ಕಸುಬಿಗೆ ಹತ್ತಿರದ ಮಾತು. ಕಿಟ್‌ನಲ್ಲಿ ಪ್ಲಗ್ಗಿನ ವೈರುಗಳು ಇರುವುದಿಲ್ಲ. ನಿಜವಾದ ವೈರು ಏಳೆಂಟು ಮಿಲಿಮೀಟರ್ ದಪ್ಪ. ಅದನ್ನು 25ರಿಂದ ಭಾಗಿಸಿದರೆ 0.3 ಮಿಲಿಮೀಟರ್ ಬರುತ್ತದೆ, ಅಂದರೆ ನನ್ನ ಅಂಗಡಿಯ 30 ಗೇಜಿನ ವೈಂಡಿಂಗ್ ತಂತಿ. ಯಾವುದೋ ಮಿಕ್ಸಿ ಮೋಟಾರಿನಿಂದ ಬಿಚ್ಚಿದ ಚೂರುಗಳೇ ಸಾಕು. ಡಿಸ್ಟ್ರಿಬ್ಯೂಟರಿನ ಟೋಪಿ ಇಲ್ಲಿ ನಾಲ್ಕು ಮಿಲಿಮೀಟರ್ ಅಗಲ. ಅದರ ಮೇಲೆ ಸೂಜಿಯ ಮೊನೆಯಿಂದ ಸುತ್ತ ಎಂಟು, ನಡುವೆ ಒಂದು ಗುರುತು ಚುಚ್ಚಿ, ಕೂದಲಿನಂಥ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ಹೊರಳಿಸಿ ತೂತು ಹಾಕಬೇಕು. ನಡುವಿನದು ಕಾಯಿಲಿನಿಂದ ಬರುವ ವೈರು. ಚಾಲಕನ ಸೀಟಿನಿಂದ ಮುಂದಕ್ಕೆ ನೋಡಿದರೆ ಷೆವ್ರೋಲೆಯ ಎಡಸಾಲಿನ ಸಿಲಿಂಡರುಗಳು 1, 3, 5, 7, ಬಲಸಾಲಿನವು 2, 4, 6, 8. ಕಿಡಿ ಹೊತ್ತುವ ಕ್ರಮ 1-8-4-3-6-5-7-2, ಮೇಲಿನಿಂದ ನೋಡುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಅಕ್ಕಪಕ್ಕದ 5 ಮತ್ತು 7 ಒಂದರ ಹಿಂದೊಂದು ಹೊತ್ತುವುದರಿಂದ, ಅವುಗಳ ವೈರುಗಳು ಒಟ್ಟೊಟ್ಟಿಗೆ ಸಾಗಿದರೆ ಒಂದರ ವಿದ್ಯುತ್ತು ಇನ್ನೊಂದರಲ್ಲಿ ಪ್ರೇರಣೆಯಾಗಿ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಾರಬಹುದು. ಬಲ್ಲ ಮೆಕ್ಯಾನಿಕ್ಕುಗಳು ಅವೆರಡನ್ನು ದೂರವಿಡುತ್ತಾರೆ. ನನ್ನ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ, ಆದರೂ ನಾನು ದೂರವಿಡುತ್ತೇನೆ.

ತಂತಿಯ ತುದಿಗೆ ಫೆವಿಕ್ವಿಕ್ ಬೇಕು, ಲೋಹಕ್ಕೆ ಪ್ಲಾಸ್ಟಿಕ್ಕಿನ ಅಂಟು ನಡೆಯದು. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದ. ಹೀಗಾಗಿ ನಮ್ಮ ಒಣ ಬೇಸಗೆಯಲ್ಲಿ ಇನ್ನೊಂದು ಅಂಟು ಅವಸರ ಮಾಡಿದರೆ ಇದು ಸೋಮಾರಿಯಾಗುತ್ತದೆ. ಹತ್ತಿರ ಒದ್ದೆ ಬಟ್ಟೆ ಇಟ್ಟುಕೊಳ್ಳಿ.

ವೈರುಗಳು ಮುಗಿದ ಮೇಲೆಯೇ ಎಂಜಿನ್ ಮೌಂಟಿಂಗಿನ ಮೇಲೆ ಇಳಿಯುತ್ತದೆ, ಎರಡೇ ಹನಿ ಅಂಟಿನೊಂದಿಗೆ. ಬಾನೆಟ್ಟನ್ನು ಮಾತ್ರ ನಾನು ಅಂಟಿಸುವುದಿಲ್ಲ. ಆ ಕಾರು ಈಗ ಅಂಗಡಿಯ ಗಾಜಿನ ಬೀರುವಿನಲ್ಲಿದೆ; ಮೋಟಾರು ಹೊತ್ತು ತಂದ ರೈತರು ಕಾಯುತ್ತ ಕುಳಿತಾಗ, "ಅಣ್ಣಾರ, ಅದರ ಮುಚ್ಚಳ ಸ್ವಲ್ಪ ಎತ್ತಿ ತೋರಿಸ್ರಿ" ಎನ್ನುತ್ತಾರೆ.

ನಮಸ್ಕಾರ.